ಪೂರ್ತಿ ಓದದೆ ಹೊಗಳಿದ ವರದಿ

ಎಥೆನಾಲ್ ಬೆರೆತ ಪೆಟ್ರೋಲಿನ ಪರ ವಾದಿಸುವವರು ಪದೇ ಪದೇ ಮುಂದಿಡುವ ದಾಖಲೆ, ನೀತಿ ಆಯೋಗ 2021ರ ಜೂನ್‌ನಲ್ಲಿ ಹೊರತಂದ ಮಾರ್ಗನಕ್ಷೆ. ಹಳೆಯ ಎಂಜಿನ್‌ಗಳಿಗೂ ಶೇ 20ರ ಮಿಶ್ರಣ ನಿರಪಾಯ ಎಂದು ಅದು ಷರಾ ಬರೆದುಕೊಟ್ಟಿದೆ ಎಂಬ ಕೀರ್ತಿ ಅದಕ್ಕಂಟಿದೆ. ವರದಿ ಒಳ್ಳೆಯದೇ, ಆದರೆ ಈ ಕೀರ್ತಿ ಅದಕ್ಕೆ ಸಲ್ಲದು. ಮೈಲೇಜ್ ಕುರಿತ ಅದರ ಮಾತನ್ನೇ ನೋಡಿ. ಇ10ಗೆ (ಶೇ 10 ಎಥೆನಾಲ್) ವಿನ್ಯಾಸಗೊಂಡು ಇ20ಗೆ (ಶೇ 20) ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದಾಗ ಕುಸಿತ ಶೇ 1ರಿಂದ 2. ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7, ಅಂಥದೇ ದ್ವಿಚಕ್ರಗಳಲ್ಲಿ ಶೇ 3ರಿಂದ 4 ಎಂದು ಅದೇ ವರದಿ ಹೇಳುತ್ತದೆ. ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ ಇರುವಾಗ ಇದರಲ್ಲಿ ಅಚ್ಚರಿಯೇನಿಲ್ಲ.

ವಿನ್ಯಾಸ ಮತ್ತು ಹೊಂದಾಣಿಕೆ ಎಂದು ವರದಿ ಎರಡನ್ನು ಬೇರೆ ಮಾಡಿದ್ದೇ ಅದರ ಹೆಚ್ಚುಗಾರಿಕೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ಮಾನದಂಡ ಬರುವ ಮುಂಚಿನ ಬಹುಪಾಲು ಬೈಕುಗಳಲ್ಲಿರುವುದು ಕಾರ್ಬ್ಯುರೇಟರ್. ಇಂಜೆಕ್ಷನ್ ಇರುವ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಂಧನದ ಪ್ರಮಾಣ ಏರಿಳಿಯುತ್ತದೆ. ಕಾರ್ಬ್ಯುರೇಟರಿನ ಜೆಟ್ಟಿನ ರಂಧ್ರ ಮಾತ್ರ ಇದ್ದಷ್ಟೇ ಇರುತ್ತದೆ. ತನ್ನೊಳಗೇ ಆಮ್ಲಜನಕ ಹೊತ್ತ ಎಥೆನಾಲ್ ಅಲ್ಲಿ ಹಾಯ್ದಾಗ ಮಿಶ್ರಣ ತೆಳುವಾಗುತ್ತದೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಫ್ಲೋಟ್ ಬೌಲಿಗೆ ಪೆಟ್ರೋಲ್ ಬಿಡುವ ಸೂಜಿಯ ತುದಿ ಸಾಮಾನ್ಯ ನೈಟ್ರೈಲ್ ರಬ್ಬರಿನದಾದರೆ ಎಥೆನಾಲಿಗೆ ಊದಿಕೊಳ್ಳುತ್ತದೆ. ಗಾಡಿ ನಿಂತು ಒಣಗಿದರೆ ಕುಗ್ಗಿ ಬಿರಿಯುತ್ತದೆ. ಆಮೇಲೆ ಸೂಜಿ ಸರಿಯಾಗಿ ಕೂರದೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುತ್ತದೆ. ಹೊಂದಾಣಿಕೆಯಿಂದ ಇದು ಸರಿಹೋಗದು, ಬಿಡಿಭಾಗವನ್ನೇ ಬದಲಿಸಬೇಕು.

ಟ್ಯಾಂಕಿನಲ್ಲಿ ನೀರು ಕಂಡರೆ ಎಥೆನಾಲನ್ನೇ ದೂರುವ ಟೀಕಾಕಾರರ ಜೊತೆಗೂ ನನ್ನ ತಕರಾರಿದೆ. ಬೇರ್ಪಡುವ ಮುನ್ನ ಇ10ಗಿಂತ ಇ20 ಹೆಚ್ಚು ನೀರನ್ನು ಕರಗಿಸಿಕೊಂಡಿರಬಲ್ಲದು. ಮಿತಿ ಮೀರಿದಾಗ ಮಾತ್ರ ನೀರಿನೊಂದಿಗೆ ಎಥೆನಾಲ್ ಕೂಡ ಬೇರ್ಪಟ್ಟು, ಇಂಧನ ಎಳೆಯುವ ಪೈಪಿರುವ ತಳಕ್ಕೇ ಇಳಿಯುತ್ತದೆ. ಬಂಕಿನ ನೆಲದಡಿಯ ಟ್ಯಾಂಕಿಗೆ ಮಳೆನೀರು ಇಳಿದರೆ ಅದು ನಿರ್ವಹಣೆಯ ದೋಷ. ಇಂಥ ಸಡಿಲ ಆರೋಪಗಳಿಂದ ನಿಜವಾದ ದೂರುಗಳೂ ಹಗುರಾಗುತ್ತವೆ. ಇನ್ನು ಬ್ರೆಜಿಲ್ ಶೇ 27 ಬೆರೆಸಿಲ್ಲವೇ ಎಂಬ ಪ್ರಶ್ನೆ. ಬೆರೆಸಿದೆ, ಆದರೆ ಅಲ್ಲಿ 2003ರಿಂದಲೇ ಯಾವ ಪ್ರಮಾಣಕ್ಕೂ ಒಗ್ಗುವ ಫ್ಲೆಕ್ಸ್ ಫ್ಯೂಯೆಲ್ ಕಾರುಗಳಿವೆ. ನಮ್ಮಲ್ಲಿ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20 ಬಿಡುಗಡೆಯಾದಾಗ ರಸ್ತೆಯ ಮೇಲಿದ್ದ ಗಾಡಿಗಳು ಹಾಗಿರಲಿಲ್ಲ.

ಇದನ್ನು ಬಲ್ಲ ವರದಿ, ಹಳೆಯ ಗಾಡಿಗಳಿಗಾಗಿ ಇ10 ಸಿಗುತ್ತಿರಲಿ, ಮಿಶ್ರಣದ ಬೆಲೆ ಪೆಟ್ರೋಲಿಗಿಂತ ಕಡಿಮೆ ಇರಲಿ ಎಂದಿತ್ತು. ಎರಡೂ ಆಗಲಿಲ್ಲ. ಎಥೆನಾಲಿನ ಖರೀದಿ ದರವೇ ಈಗ ಹೆಚ್ಚಿದೆ ಎಂಬುದು 2025ರಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸಮಜಾಯಿಷಿ. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರನಿಗೆ ಒಳ್ಳೆಯ ದರ ಸಿಗಲೇಬೇಕು. ಆದರೆ ದರ ಏರಿದ ಮಾತ್ರಕ್ಕೆ ಲೀಟರಿನೊಳಗಿನ ಶಕ್ತಿ ಏರುವುದಿಲ್ಲ; ಆ ಕೊರತೆಯನ್ನು ಹಳೆಯ ಬೈಕಿನವನೇ ಏಕೆ ತುಂಬಿಕೊಡಬೇಕು ಎಂಬುದಕ್ಕೆ ಆ ಸಮಜಾಯಿಷಿಯಲ್ಲಿ ಉತ್ತರವಿಲ್ಲ.