ಪರವಾನಗಿ ಯಾವ ಊರಿನದು?

2001ರ ಅಕ್ಟೋಬರ್‌ಗೆ ಮುಂಚೆ ಇಂಗ್ಲೆಂಡಿನ ಬೆಟ್ಟಿಂಗ್ ಅಂಗಡಿಯಲ್ಲಿ ಚೀಟಿ ಕೊಟ್ಟವರಿಗೆ ಕೌಂಟರಿನ ಆಚೆಯಿಂದ ಒಂದು ಪ್ರಶ್ನೆ ಬರುತ್ತಿತ್ತು: ತೆರಿಗೆ ಈಗಲೇ ಕಟ್ಟುತ್ತೀರಾ, ಗೆದ್ದ ಮೇಲಾ? ಮುರಿತ ನೂರಕ್ಕೆ 9. ಹತ್ತು ಪೌಂಡ್ ಬಾಜಿಗೆ ಮೊದಲೇ ತೆರಿಗೆ ಕೊಟ್ಟರೆ 10.90 ಪೌಂಡ್, ಕುದುರೆ ಸೋತರೆ ಆ 90 ಪೆನ್ಸೂ ಹೋಯಿತು. ಗೆದ್ದ ಮೇಲೆ ನೋಡೋಣ ಅಂದರೆ ಕೈಗೆ ಬರುವ ಇಡೀ ಮೊತ್ತದಲ್ಲಿ, ಪಣವೂ ಸೇರಿದಂತೆ, 9% ಮುರಿದುಕೊಳ್ಳುತ್ತಿದ್ದರು. ಒಂದಕ್ಕೆ ನಾಲ್ಕರ ಕುದುರೆ ಗೆದ್ದರೆ 50 ಪೌಂಡ್ ಬರಬೇಕಾದಲ್ಲಿ 45.50. ಲೆಕ್ಕ ಹಾಕಿ ನೋಡಿದರೆ ಮೊದಲೇ ಕಟ್ಟಿದವನಿಗೇ ಕೂದಲೆಳೆಯಷ್ಟು ಲಾಭ. ಅವನ ಜೇಬಿನಿಂದ ಹೋದ ಪ್ರತಿ ಪೌಂಡಿಗೆ 4.59 ವಾಪಸು, ಇನ್ನೊಬ್ಬನಿಗೆ 4.55.

ವರ್ಷಗಟ್ಟಲೆಯ ಲೆಕ್ಕದಲ್ಲಿ ಇದು ಕೂದಲೆಳೆ. ಒಂದೇ ದಿನದ ಲೆಕ್ಕದಲ್ಲಿ ಹಾಗಲ್ಲ. 1996ರ ಸೆಪ್ಟೆಂಬರ್ 28ರಂದು ಆ್ಯಸ್ಕಟ್‌ನಲ್ಲಿ ಫ್ರಾಂಕಿ ಡೆಟೋರಿ ಏಳಕ್ಕೆ ಏಳೂ ರೇಸ್ ಗೆದ್ದ. ಅವನ ಏಳೂ ಕುದುರೆಗಳನ್ನು ಪೋಣಿಸಿ ಬಾಜಿ ಕಟ್ಟಿದ್ದ ಮೋರ್ಕಮ್ ಊರಿನ ಬಡಗಿಯೊಬ್ಬನಿಗೆ ಬಂದದ್ದು 5,50,823 ಪೌಂಡ್. ಕೌಂಟರಿನಲ್ಲಿ ಅವನು ಕೊಟ್ಟಿದ್ದು 67 ಪೌಂಡ್ 58 ಪೆನ್ಸ್. ಈ ಚಿಲ್ಲರೆ ಮೊತ್ತ ವಿಚಿತ್ರವಾಗಿ ಕಂಡರೆ 1.09ರಿಂದ ಭಾಗಿಸಿ ನೋಡಿ. ಸರಿಯಾಗಿ 62. ಅಂದರೆ ಬಾಜಿ 62 ಪೌಂಡ್, ಮೇಲಿನ 5.58 ತೆರಿಗೆ. ಆ ಐದೂವರೆ ಪೌಂಡ್ ಉಳಿಸಲು ಹೋಗಿದ್ದರೆ ಗೆದ್ದ ಮೇಲೆ 49,500ಕ್ಕೂ ಹೆಚ್ಚು ಪೌಂಡ್ ಅಂಗಡಿಯಲ್ಲೇ ಉಳಿಯುತ್ತಿತ್ತು.

ಕುದುರೆ ಆರಿಸುವುದರಲ್ಲಿ ಪಳಗಿದವರೂ ಈ ಬದಿಯ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಯುರೋಪಿನಲ್ಲಿ ನೆಲೆಸಿರುವ ನಮ್ಮವರು ಕೇಳುವುದು ಒಂದೇ: ಯಾವ ಬುಕ್ಕಿಯ ದರ ಒಳ್ಳೆಯದು? ನಾನು ತಿರುಗಿ ಎರಡು ಕೇಳುತ್ತೇನೆ. ನೀವಿರುವ ದೇಶ ಅವನಿಗೆ ಪರವಾನಗಿ ಕೊಟ್ಟಿದೆಯೇ? ತೆರಿಗೆ ಯಾರ ಜೇಬಿನಿಂದ ಹೋಗುತ್ತದೆ? ದರದ ಮಾತು ಆಮೇಲೆ.

ಆ 9% ಹೋದದ್ದು ಸರ್ಕಾರಕ್ಕೆ ಪಂಟರುಗಳ ಮೇಲೆ ಕನಿಕರ ಹುಟ್ಟಿದ್ದರಿಂದಲ್ಲ. 1999ರಲ್ಲಿ ವಿಕ್ಟರ್ ಚಾಂಡ್ಲರ್ ಎಂಬ ದೊಡ್ಡ ಬುಕ್ಕಿ ಗಂಟುಮೂಟೆ ಕಟ್ಟಿ ಜಿಬ್ರಾಲ್ಟರ್‌ಗೆ ಹೋದ. ಗಿರಾಕಿಗಳು ಅಲ್ಲಿಗೆ ಫೋನ್ ಮಾಡಿ ಬಾಜಿ ಕಟ್ಟತೊಡಗಿದರು. ಉಳಿದ ದೊಡ್ಡ ಕಂಪನಿಗಳೂ ಹಿಂಬಾಲಿಸಿದವು. ಆಗ ಹಣಕಾಸು ಮಂತ್ರಿಯಾಗಿದ್ದ ಗೋರ್ಡನ್ ಬ್ರೌನ್ 2001ರ ಅಕ್ಟೋಬರ್ 6ರಿಂದ ಪಂಟರ್ ಕಟ್ಟುವ ಮುರಿತವನ್ನು ತೆಗೆದು, ಬುಕ್ಕಿಯ ಒಟ್ಟು ಲಾಭದ ಮೇಲೆ 15% ಹಾಕಿದರು. ಕಟ್ಟಿದ ಹಣದ ಮೇಲಿನ ತೆರಿಗೆಗೂ ಬುಕ್ಕಿಯ ಕೈಯಲ್ಲಿ ಉಳಿದ ಹಣದ ಮೇಲಿನ ತೆರಿಗೆಗೂ ಇರುವ ಅಂತರ ಬೆಂಗಳೂರಿನ ರೇಸಿಗರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ಣ ಮುಖಬೆಲೆಯ ಮೇಲೆ 28% ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ 40%. ಇಂಗ್ಲೆಂಡ್ 9ಕ್ಕೇ ಕೈಸೋತಿತ್ತು.

ಬ್ರಿಟನ್ನಿನಲ್ಲಿ ಗೆದ್ದವನ ಮೇಲೆ ಆದಾಯ ತೆರಿಗೆಯೂ ಇಲ್ಲ. 1925ರ ಗ್ರಹಾಂ ಮತ್ತು ಗ್ರೀನ್ ಮೊಕದ್ದಮೆಯಲ್ಲಿ, ಮನೆಯಲ್ಲೇ ಕೂತು ಕುದುರೆಗಳ ಮೇಲೆ ಬಾಜಿ ಕಟ್ಟಿ ಜೀವನ ಸಾಗಿಸುತ್ತಿದ್ದವನೊಬ್ಬನ ಗಳಿಕೆಗೆ ತೆರಿಗೆ ಹಾಕಲು ಇಲಾಖೆ ಹೊರಟಿತ್ತು. ಎಷ್ಟು ಕಸುಬುದಾರಿಕೆಯಿಂದ ಆಡಿದರೂ ಇದು ವ್ಯಾಪಾರವಲ್ಲ ಎಂದರು ನ್ಯಾಯಮೂರ್ತಿ ರೌಲೆಟ್. ಗೆಲುವಿಗೆ ತೆರಿಗೆಯಿಲ್ಲ, ಹಾಗೆಯೇ ಸೋಲನ್ನು ಬೇರೆ ಆದಾಯದಿಂದ ಕಳೆಯುವಂತೆಯೂ ಇಲ್ಲ. ಇಲಾಖೆ ಆ ತೀರ್ಪನ್ನು ಇಂದಿಗೂ ಸಂತೋಷದಿಂದ ಒಪ್ಪಿಕೊಂಡಿರುವುದಕ್ಕೆ ಕಾರಣ ಎರಡನೇ ಭಾಗವೇ ಇರಬೇಕು ಎಂದು ನನ್ನ ಗುಮಾನಿ. ಸೋಲುವವರೇ ಹೆಚ್ಚಲ್ಲವೇ!

ಇನ್ನು ಪೋಲೆಂಡ್. ಅಲ್ಲಿ ಬಾಜಿಯ ಮೊತ್ತದ ಮೇಲೆ 12% ತೆರಿಗೆ, ಬಹುತೇಕ ಬುಕ್ಕಿಗಳು ಅದನ್ನು ಗಿರಾಕಿಯ ತಲೆಗೇ ಕಟ್ಟುತ್ತಾರೆ. 100 ಝ್ಲೋಟಿ ಕಟ್ಟಿದರೆ ಆಟಕ್ಕೆ ಇಳಿಯುವುದು 88. ಪರದೆಯ ಮೇಲೆ 2.00 ಎಂದು ಕಾಣುವ ದರ ನಿಜದಲ್ಲಿ 1.76. ಸಮಸಮ ಆಗಬೇಕಾದರೂ ನೂರರಲ್ಲಿ 57 ಸಲ ಗೆಲ್ಲಬೇಕು. ಒಂದೇ ಗೆಲುವು 2,280 ಝ್ಲೋಟಿ ಮೀರಿದರೆ ಇನ್ನೂ 10% ಕಡಿತ. ಇದನ್ನು ತಪ್ಪಿಸಿಕೊಳ್ಳಲು ಪರವಾನಗಿಯಿಲ್ಲದ ವಿದೇಶಿ ತಾಣಕ್ಕೆ ಹೋದರೆ ಪೋಲೆಂಡಿನ ಕಾನೂನು ಆಟಗಾರನನ್ನೇ ಹಿಡಿಯುತ್ತದೆ. ನನ್ನ ಮಟ್ಟಿಗೆ, ತೆರಿಗೆಯನ್ನು ತಾನೇ ಭರಿಸುವ ಪರವಾನಗಿದಾರ ಸಿಗದ ದಿನ ಪೋಲೆಂಡ್‌ನಲ್ಲಿ ಬಾಜಿ ಕಟ್ಟದಿರುವುದೇ ಜಾಣತನ.

ಜರ್ಮನಿಯದು ನಡುವಿನ ದಾರಿ. 2012ರಿಂದ 5% ಇದ್ದದ್ದು 2021ರ ಜುಲೈನಿಂದ 5.3%. ಹೆಚ್ಚಾದಂತೆ ಕಾಣುತ್ತದೆ, ಆದರೆ ಈಗಿನ ಲೆಕ್ಕ ತೆರಿಗೆ ಕಳೆದ ಮೊತ್ತದ ಮೇಲೆ, ಹಾಗಾಗಿ ಕೊನೆಗೆ 5ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಕೆಲವರು ಪಣದಲ್ಲೇ ಹಿಡಿಯುತ್ತಾರೆ, ಕೆಲವರು ಗೆದ್ದಾಗ ಮಾತ್ರ, ಕೆಲವರು ಕೆಲವು ಬಗೆಯ ಬಾಜಿಗೆ ತಾವೇ ಭರಿಸುತ್ತಾರೆ. ಇಬ್ಬರು ಬುಕ್ಕಿಗಳ ದರ ಹೋಲಿಸುವ ಮೊದಲು ಇದನ್ನು ಓದಿಕೊಳ್ಳಿ. 1.95 ಕೊಟ್ಟು ತೆರಿಗೆ ತಾನೇ ಕಟ್ಟುವವನು, 2.00 ಎಂದು ಬರೆದು 5% ಮುರಿಯುವವನಿಗಿಂತ ಮೇಲು. ಅಲ್ಲಿ ಎಲ್ಲ ಕಂಪನಿಗಳೂ ಸೇರಿ ತಿಂಗಳಿಗೆ 1,000 ಯೂರೋ ಠೇವಣಿಯ ಸಾಮಾನ್ಯ ಮಿತಿಯೂ ಇದೆ. ಅದಕ್ಕೆ ಬೇಸತ್ತವರು ‘ಮಾಲ್ಟಾ ಪರವಾನಗಿ ಇದೆ, ಅದೂ ಯುರೋಪೇ ತಾನೆ’ ಎಂದು ಬೇರೆಡೆ ಹೋಗುತ್ತಾರೆ.

ಎಡವುವುದೇ ಇಲ್ಲಿ. ಯುರೋಪಿಯನ್ ಪರವಾನಗಿ ಎಂಬುದೊಂದಿಲ್ಲ. ಒಂದು ಸದಸ್ಯ ದೇಶದ ಪರವಾನಗಿಯನ್ನು ಇನ್ನೊಂದು ದೇಶ ಒಪ್ಪಲೇಬೇಕೆಂದಿಲ್ಲ ಎಂದು ಯುರೋಪಿಯನ್ ನ್ಯಾಯಾಲಯ 2009ರಲ್ಲಿ, ಪೋರ್ಚುಗಲ್‌ನ ಮೊಕದ್ದಮೆಯೊಂದರಲ್ಲಿ ಹೇಳಿಯಾಗಿದೆ. ಬ್ರಿಟನ್ ಕೂಡ 2014ರ ನವೆಂಬರ್‌ನಿಂದ, ಕಂಪನಿ ಎಲ್ಲೇ ಇರಲಿ, ಬ್ರಿಟನ್ನಿನ ಗಿರಾಕಿಗೆ ಬಾಗಿಲು ತೆರೆಯುವವನಿಗೆ ಬರ್ಮಿಂಗ್‌ಹ್ಯಾಮಿನ ಗ್ಯಾಂಬ್ಲಿಂಗ್ ಕಮಿಷನ್‌ನ ಪರವಾನಗಿ ಬೇಕೆಂದು ಮಾಡಿತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಸೋತವರು ‘ಇವರಿಗೆ ಇಲ್ಲಿ ಪರವಾನಗಿ ಇರಲಿಲ್ಲ, ನಮ್ಮ ದುಡ್ಡು ಕೊಡಿಸಿ’ ಎಂದು ಕೋರ್ಟಿಗೆ ಹೋದರು, ಹಲವರು ಗೆದ್ದರು ಕೂಡ. ಮಾಲ್ಟಾ 2023ರಲ್ಲಿ, ತನ್ನ ಕಂಪನಿಗಳ ವಿರುದ್ಧದ ಅಂಥ ತೀರ್ಪುಗಳನ್ನು ತನ್ನ ನೆಲದಲ್ಲಿ ಜಾರಿಯಾಗದಂತೆ ತಡೆಯಲು ಕಾನೂನನ್ನೇ ತಿದ್ದಿತು. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ಪರವಾನಗಿಯಿಲ್ಲದ ಕಾಲದ ಬಾಜಿಗಳ ಪ್ರಶ್ನೆಯನ್ನು ಯುರೋಪಿಯನ್ ನ್ಯಾಯಾಲಯಕ್ಕೇ ಕಳಿಸಿತು. ಸೋತವನಿಗೆ ಇದರಲ್ಲಿ ಆಸೆ ಕಾಣಬಹುದು. ಆದರೆ ಕರಾರೇ ಅಸಿಂಧು ಎಂದಾದರೆ ಗೆದ್ದವನು ಯಾವ ಕರಾರು ಹಿಡಿದು ವಸೂಲಿಗೆ ಹೋಗುತ್ತಾನೆ?

ವಸೂಲಿಯ ಹಕ್ಕು ಇಂಗ್ಲೆಂಡಿನಲ್ಲೂ ಹಳೆಯದೇನಲ್ಲ. 1845ರ ಕಾಯಿದೆಯಡಿ ಬಾಜಿಯ ಸಾಲ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಬುಕ್ಕಿ ಕೊಡದಿದ್ದರೆ ಟ್ಯಾಟರ್‌ಸಾಲ್ಸ್ ಸಮಿತಿಯ ಮುಂದೆ ದೂರಿಡಬೇಕಿತ್ತು. 2007ರ ಸೆಪ್ಟೆಂಬರ್ 1ರಿಂದಷ್ಟೇ ಗೆದ್ದ ಹಣಕ್ಕೆ ದಾವೆ ಹೂಡಬಹುದು. ನಮ್ಮಲ್ಲಿ 1872ರ ಕರಾರು ಕಾಯಿದೆಯ 30ನೇ ಕಲಂ ಬಾಜಿಯ ಕರಾರನ್ನು ಇಂದಿಗೂ ಅಸಿಂಧು ಎನ್ನುತ್ತದೆ.

ತೆರಿಗೆ ಇಲಾಖೆಯೂ ಪರವಾನಗಿಯ ಊರು ಕೇಳುತ್ತದೆ. ಫಿನ್ಲೆಂಡಿನ ಓಲಂಡ್ ದ್ವೀಪದ ಮಹಿಳೆಯೊಬ್ಬರು ಸ್ವೀಡನ್‌ಗೆ ಹೋದಾಗ ಕೊಂಡ ಲಾಟರಿಗೆ 1998ರಲ್ಲಿ ಹತ್ತು ಲಕ್ಷ ಕ್ರೋನಾ ಬಂತು. ಫಿನ್ಲೆಂಡಿನ ಲಾಟರಿಯಾಗಿದ್ದರೆ ತೆರಿಗೆಯಿಲ್ಲ, ಇದು ಹೊರಗಿನದು, ತೆರಿಗೆ ಕಟ್ಟಿ ಎಂದಿತು ಇಲಾಖೆ. ಲಿಂಡ್‌ಮನ್ ಪ್ರಕರಣವೆಂದು ಹೆಸರಾದ ಇದರಲ್ಲಿ 2003ರ ನವೆಂಬರ್‌ನಲ್ಲಿ ಅವರೇ ಗೆದ್ದರು. ಸದಸ್ಯ ದೇಶಗಳ ನಡುವೆ ಹೀಗೆ ಭೇದ ಮಾಡುವಂತಿಲ್ಲ ಎಂದಾಯಿತು. ಈ ರಕ್ಷಣೆ ಬೇಲಿಯೊಳಗೆ ಮಾತ್ರ. ಸ್ವೀಡನ್ನಿನಲ್ಲಿ ಇರುವವನು ಯುರೋಪಿಯನ್ ಆರ್ಥಿಕ ವಲಯದ ಪರವಾನಗಿದಾರನಿಂದ ಗೆದ್ದರೆ ತೆರಿಗೆಯಿಲ್ಲ. ಕುರಸಾವ್‌ನಂಥ ದ್ವೀಪದ ಕಂಪನಿಯಿಂದ ಗೆದ್ದರೆ 30%.

ಹಾಗೆಂದು ಪರವಾನಗಿ ವಿಮೆಯಲ್ಲ. 2021ರ ಮಾರ್ಚ್‌ನಲ್ಲಿ ಮುಳುಗಿದ ಫುಟ್‌ಬಾಲ್ ಇಂಡೆಕ್ಸ್ ಎಂಬ ಬಾಜಿ ತಾಣಕ್ಕೆ ಬ್ರಿಟನ್ ಮತ್ತು ಜರ್ಸಿ ಎರಡರ ಪರವಾನಗಿಯೂ ಇತ್ತು. ಕಂಪನಿ ದಿವಾಳಿಯಾದರೆ ಗಿರಾಕಿಯ ಹಣಕ್ಕೆ ಯಾವ ಮಟ್ಟದ ರಕ್ಷಣೆ ಎಂಬುದನ್ನು ಬ್ರಿಟಿಷ್ ಬುಕ್ಕಿ ಷರತ್ತುಗಳಲ್ಲಿ ಹೇಳಲೇಬೇಕು. ಬಹಳ ಕಡೆ ಅಲ್ಲಿರುವುದು ‘ರಕ್ಷಣೆಯಿಲ್ಲ’ ಎಂಬ ಉತ್ತರವೇ. ಆದ್ದರಿಂದ ಗೆದ್ದ ಹಣವನ್ನು ಖಾತೆಯಲ್ಲಿ ಕೊಳೆಯಲು ಬಿಡಬೇಡಿ. ಗೆಲ್ಲುತ್ತಲೇ ಇರುವವನ ಬಾಜಿಯನ್ನು ಚಿಲ್ಲರೆಗೆ ಇಳಿಸುವ ಚಾಳಿ ಪರವಾನಗಿದಾರರಲ್ಲೂ ಇದೆ. ಅದು ನನಗೆ ಸರಿ ಕಂಡಿಲ್ಲ, ಆದರೆ ಕಾನೂನು ತಡೆಯುವುದಿಲ್ಲ.

ಇಷ್ಟು ಓದಿ ಬೆಂಗಳೂರು, ಮೈಸೂರುಗಳಲ್ಲಿ ಕೂತು ಅಲ್ಲಿನ ಖಾತೆ ತೆರೆಯುವ ಯೋಚನೆ ಬಂದಿದ್ದರೆ ಇಲ್ಲೇ ನಿಲ್ಲಿಸಿ. ಬರ್ಮಿಂಗ್‌ಹ್ಯಾಮಿನ ಪರವಾನಗಿ ಬ್ರಿಟನ್ನಿನ ಗಿರಾಕಿಗೆ, ನಿಮಗಲ್ಲ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್‌ಗಳಿಗೆ ಹೊರದೇಶಕ್ಕೆ ಹಣ ಕಳಿಸುವುದನ್ನು 2000ದ ವಿದೇಶಿ ವಿನಿಮಯ ನಿಯಮಗಳು ನಿಷೇಧಿಸಿವೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯಿದೆ ಹೊರದೇಶದಿಂದ ಇಲ್ಲಿಗೆ ಬರುವ ಹಣದಾಟಗಳನ್ನೂ ಒಳಗೊಂಡಿದೆ. ಲೀಡ್ಸ್‌ನಲ್ಲಿರುವವರು ಗ್ಯಾಂಬ್ಲಿಂಗ್ ಕಮಿಷನ್‌ನ ರಿಜಿಸ್ಟರಿನಲ್ಲಿ, ಮ್ಯೂನಿಕ್‌ನಲ್ಲಿರುವವರು ಹಾಲೆ ನಗರದ ಜೂಜು ಪ್ರಾಧಿಕಾರದ ಪಟ್ಟಿಯಲ್ಲಿ ಬುಕ್ಕಿಯ ಹೆಸರು ಹುಡುಕಿ. ತಾಣದ ಅಡಿಯಲ್ಲಿರುವ ಮುದ್ರೆಯನ್ನು ನಂಬಬೇಡಿ. ಕರ್ನಾಟಕದಲ್ಲಿರುವವರಿಗೆ ಯುರೋಪಿನ ಯಾವ ಬುಕ್ಕಿಯನ್ನೂ ನಾನು ಸೂಚಿಸುವುದಿಲ್ಲ.