ನೆಗ್ಗಿದ ರೆಕ್ಕೆ

ಈ ಅಂಕಣದ ಹಿಂದಿನ ಮ್ಯಾಗ್ನೆಟೊ ಬರಹದ ಕೊನೆಯಲ್ಲಿ, ಈ ವಾರ ವಿಮೆಯ ಲೆಕ್ಕ ಬಿಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದಕ್ಕೆ ಬೇಕಾದ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡೂ ಇದ್ದೆ. ಮಂಗಳವಾರ ಸಂಜೆ ಅಮೆರಿಕದ ವಿಚಿಟಾ ಊರಿನ ಪಡುವಣಕ್ಕೆ ಮೋಡ ಹಸಿರು ಬೆರೆತ ಕಪ್ಪಿಗೆ ತಿರುಗಿತು. ಅದೇ ಹೊತ್ತಿಗೆ ಫೋನ್ ಬಂತು. ನಮ್ಮ ಸೆಸ್ನಾ 172 ವಿಮಾನದ ನಾಲ್ವರು ಪಾಲುದಾರರಲ್ಲಿ ಎಲ್ಲರಿಗಿಂತ ಕಿರಿಯ, ಹುಬ್ಬಳ್ಳಿಯ ಹುಡುಗ. “ಅಣ್ಣಾರ, ಹ್ಯಾಂಗರ್ ಬಾಗಲಾ ಜಾಮ್ ಆಗೇತ್ರಿ, ತೆರೀವಲ್ದು. ವಿಮಾನ ಹೊರಗ ಐತಿ!”

ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂಬತ್ತು ನಿಮಿಷ ಆಲಿಕಲ್ಲು ಸುರಿಯಿತಂತೆ. ಕಟ್ಟಿದ ಹಗ್ಗಗಳು ಬಿಗಿಯಾಗಿಯೇ ಇದ್ದವು, ವಿಂಡ್‌ಷೀಲ್ಡ್ ಉಳಿದಿತ್ತು, ಲ್ಯಾಂಡಿಂಗ್ ಲೈಟಿನ ಗಾಜು ಒಡೆದಿತ್ತು. ರೆಕ್ಕೆಯ ಮೇಲೆ ಕರಗುತ್ತಿದ್ದ ಕಲ್ಲುಗಳನ್ನು ಹುಡುಗ ಒಂದೊಂದಾಗಿ ಕೈಯಿಂದ ಸರಿಸುತ್ತಿದ್ದ. ಹೆಚ್ಚಿನವು ಅಡಿಕೆ ಗಾತ್ರದವು, ನಡುನಡುವೆ ನಿಂಬೆಹಣ್ಣಿನಷ್ಟು ದೊಡ್ಡವು. ವಿಮೆಯ ಕಾಗದ ಮನೆಯಲ್ಲೇ ಉಳಿಯಿತು. ಆಲಿಕಲ್ಲು ಬಿದ್ದ ವಿಮಾನದ ವಿಷಯದಲ್ಲಿ ನನಗೆ ಹಳೆಯ ಜಗಳವೊಂದಿದೆ, ಅದನ್ನು ಹೇಳಿಯೇ ಬಿಡುತ್ತೇನೆ.

ಅಡಿಕೆಗೂ ನಿಂಬೆಗೂ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟೇ ಅಲ್ಲ. ಕಲ್ಲಿನ ತೂಕ ವ್ಯಾಸದ ಘನದಂತೆ ಏರುತ್ತದೆ. ಬೀಳುವ ವೇಗವೂ ವ್ಯಾಸದ ವರ್ಗಮೂಲದಂತೆ ಹೆಚ್ಚುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ವ್ಯಾಸ ಎರಡರಷ್ಟಾದಾಗ ಹೊಡೆತದ ಶಕ್ತಿ ಹೆಚ್ಚುಕಡಿಮೆ 16 ಪಟ್ಟಾಗುತ್ತದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ 2010ರಲ್ಲಿ ತೀವ್ರ ಆಲಿಕಲ್ಲಿನ ಗೆರೆಯನ್ನು ಮುಕ್ಕಾಲು ಇಂಚಿನಿಂದ ಒಂದು ಇಂಚಿಗೆ ಏರಿಸಿತು. ಅದೇ ವರ್ಷ ಜುಲೈ 23ರಂದು ದಕ್ಷಿಣ ಡಕೋಟದ ವಿವಿಯನ್ ಎಂಬ ಪುಟ್ಟ ಊರಿನಲ್ಲಿ 8 ಇಂಚು ವ್ಯಾಸದ, ಸುಮಾರು 880 ಗ್ರಾಂ ತೂಕದ ಕಲ್ಲು ಬಿತ್ತು. ಈ ದೇಶದ ದಾಖಲೆ ಅದು. ನಮ್ಮ ವಿಮಾನದ ತಗಡನ್ನು ನೆನೆಯಿರಿ. ರೆಕ್ಕೆಯ ಮೇಲಿನದು ಬಹುಪಾಲು ಒಂದು ಮಿಲಿಮೀಟರಿಗಿಂತ ತೆಳು. ರೆಕ್ಕೆಯ ಹಿಂಬದಿಯಲ್ಲಿ ಆಡುವ ಏಲರಾನಿನದು ಅರ್ಧ ಮಿಲಿಮೀಟರೂ ಇಲ್ಲ.

ಕತ್ತಲಾಗುವವರೆಗೆ ಕಾದೆವು. ನೆಗ್ಗು ಹಗಲಿನಲ್ಲಿ ಪೂರ್ತಿ ಕಾಣುವುದಿಲ್ಲ. ರಾತ್ರಿ ರೆಕ್ಕೆಯ ಅಂಚಿನಲ್ಲಿ ಟಾರ್ಚನ್ನು ತಗಡಿಗೆ ತಾಗುವಷ್ಟು ಕೆಳಗೆ ಹಿಡಿದರೆ, ಒಂದೊಂದು ಗುಳಿಗೂ ಅದರದೇ ನೆರಳು ಏಳುತ್ತದೆ. ಹುಡುಗ ಟಾರ್ಚ್ ಹಿಡಿದ, ನಾನು ಮೇಣದ ಪೆನ್ಸಿಲಿನಿಂದ ಸುತ್ತು ಹಾಕಿದೆ. ಎಡ ರೆಕ್ಕೆಯಲ್ಲಿ 74, ಬಲದಲ್ಲಿ 61. ಎಣಿಸುವುದಕ್ಕಿಂತ ಮುಖ್ಯವಾದದ್ದು ಎಲ್ಲಿ ಬಿದ್ದಿದೆ ಎಂಬುದು. ಎರಡು ರಿಬ್ಬುಗಳ ನಡುವೆ ಬಿದ್ದ ಗುಳಿಯೇ ಬೇರೆ, ರಿಬ್ಬಿನ ಮೇಲೆಯೇ ಬಿದ್ದದ್ದೇ ಬೇರೆ. ಎರಡನೆಯದರಲ್ಲಿ ಒಳಗಿನ ರಿಬ್ಬಿನ ಅಂಚು ಬಾಗಿರಬಹುದು. ತಪಾಸಣೆಯ ಕಿಂಡಿ ಬಿಚ್ಚಿ ಕನ್ನಡಿ ತೂರಿಸಿ ನೋಡದೆ ಗತ್ಯಂತರವಿಲ್ಲ.

ಇಲ್ಲಿ ನನ್ನ ಮೆಚ್ಚಿನ ಗ್ರಂಥವನ್ನು ನೆನೆಯಬೇಕು. ಈ ಅಂಕಣದ ಹಳೆಯ ಓದುಗರಿಗೆ ಅದು ಗೊತ್ತೇ ಇದೆ: ಸೆಸ್ನಾ 100 ಸರಣಿಯ ಸರ್ವಿಸ್ ಮ್ಯಾನುಯಲ್. ಅದರ ರಚನಾ ದುರಸ್ತಿಯ ಅಧ್ಯಾಯವನ್ನು ಎಷ್ಟು ಸಲ ಓದಿದರೂ ನನಗೆ ಬೇಸರವಾಗಿಲ್ಲ, ಏಕೆಂದರೆ ಅದು ಹೆದರಿಸುವುದೂ ಇಲ್ಲ, ಓಲೈಸುವುದೂ ಇಲ್ಲ. ಹಾನಿಯನ್ನು ಅದು ಮೂರು ಬಗೆಯಾಗಿ ವಿಂಗಡಿಸುತ್ತದೆ: ಗಣನೆಗೆ ಬಾರದ್ದು, ದುರಸ್ತಿ ಮಾಡಬಹುದಾದದ್ದು, ಭಾಗವನ್ನೇ ಬದಲಿಸಬೇಕಾದದ್ದು. ರೆಕ್ಕೆಯ ತಗಡಿನ ಮೇಲಿನ ನುಣುಪಾದ ನೆಗ್ಗು, ಅದರಲ್ಲಿ ಬಿರುಕಿಲ್ಲ, ತರಚಿಲ್ಲ, ಚೂಪು ಮೂಲೆಯಿಲ್ಲ, ಒತ್ತಡದಿಂದ ಮೂಡಿದ ಸುಕ್ಕಲ್ಲ, ಒಳಗಿನ ಚೌಕಟ್ಟಿಗಾಗಲೀ ಯಂತ್ರಭಾಗಕ್ಕಾಗಲೀ ಅಡ್ಡ ಬರುವುದಿಲ್ಲ ಎಂದಾದರೆ, ಅದು ಗಣನೆಗೆ ಬಾರದ ಹಾನಿ. ಒತ್ತಡ ಕಡಿಮೆಯಿರುವ ಜಾಗದಲ್ಲಿ ಚೂಪಾದ ನೆಗ್ಗಿಗೂ ಬಿರುಕಿಗೂ ಒಂದು ಅಳತೆಯಿದೆ: ಸರಿಪಡಿಸಿದ ಮೇಲೆ ಅದು ಎರಡು ಇಂಚಿನ ವೃತ್ತದೊಳಗೆ ಹಿಡಿಯಬೇಕು, ಆ ವೃತ್ತ ರಿವೆಟ್ ಸಾಲಿನಿಂದಲೂ ತಗಡಿನ ಅಂಚಿನಿಂದಲೂ ಕನಿಷ್ಠ ತನ್ನ ವ್ಯಾಸದಷ್ಟು ದೂರ ಇರಬೇಕು. ಈ ನಾಲ್ಕು ಮಾತಿನಲ್ಲಿ ಲೋಹಶಾಸ್ತ್ರದ ಒಂದು ಪಾಠವೇ ಅಡಗಿದೆ. ನುಣುಪಾದ ಗುಳಿಯಲ್ಲಿ ಬಲ ಹರಿದು ಹೋಗುತ್ತದೆ, ಚೂಪು ಮೂಲೆಯಲ್ಲಿ ಒಟ್ಟಾಗಿ ನಿಲ್ಲುತ್ತದೆ. ಬಿರುಕು ಹುಟ್ಟುವುದು ಅದು ನಿಂತಲ್ಲಿ.

ಹಾಗಾದರೆ ನಮ್ಮ 135 ಗುಳಿಗಳಲ್ಲಿ ಹೆಚ್ಚಿನವುಗಳಿಗೆ ಮಾಡಬೇಕಾದದ್ದೇನು? ಏನೂ ಇಲ್ಲ. ಬಿಟ್ಟುಬಿಡಬೇಕು. ಈ ಮಾತು ಹೇಳಿದಾಗಲೆಲ್ಲ ಪುಟ್ಟಿ ಪಂಥದವರಿಗೆ ಸಿಟ್ಟು ಬರುತ್ತದೆ. ಗುಳಿಯನ್ನು ಉಜ್ಜು, ಪುಟ್ಟಿ ಮೆತ್ತು, ಮರಳುಕಾಗದ ಹಾಕು, ಬಣ್ಣ ಹೊಡೆ, ವಿಮಾನ ಹೊಸದಾಯಿತು ಅನ್ನುತ್ತಾರೆ. ಕಾರಿನ ಟಿಂಕರಿಂಗ್‌ಗೆ ಅದು ಸರಿ. ವಿಮಾನದ ತಗಡು ಬೇರೆಯೇ ವಸ್ತು. ಅದು 2024-ಟಿ3 ಎಂಬ ಮಿಶ್ರಲೋಹ. ಗಟ್ಟಿ, ಆದರೆ ತುಕ್ಕಿಗೆ ಬೇಗ ತುತ್ತಾಗುವಂಥದ್ದು. ಅದನ್ನು ಕಾಯಲು ಎರಡೂ ಮುಖಗಳಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹೊದಿಸಿರುತ್ತಾರೆ. ಇಷ್ಟು ತೆಳುವಾದ ತಗಡಿನಲ್ಲಿ ಆ ಪದರ ಒಂದೊಂದು ಮುಖಕ್ಕೆ ದಪ್ಪದ ಸುಮಾರು ಶೇಕಡಾ 5. ಅರ್ಧ ಮಿಲಿಮೀಟರ್ ತಗಡಿನಲ್ಲಿ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ಪುಟ್ಟಿ ಹಿಡಿಯಲೆಂದು ಹುರುಪಿನಿಂದ ಉಜ್ಜಿದವರ ಕೈಯಲ್ಲಿ ಆ ಪದರ ಮೊದಲು ಹೋಗುತ್ತದೆ. ಮೇಲೆ ಮೆತ್ತಿದ್ದು ಕಾಲಾಂತರದಲ್ಲಿ ಸೀಳಿ ನೀರು ಹಿಡಿಯುತ್ತದೆ. ಕೆಳಗೆ ಏನಾಗುತ್ತಿದೆ ಎಂಬುದು ಕಣ್ಣಿನ ತಪಾಸಣೆಗೆ ಕಾಣುವುದಿಲ್ಲ.

ಹನ್ನೆರಡು ವರ್ಷದ ಹಿಂದೆ ಒಂದು ವಿಮಾನ ಕೊಳ್ಳಲು ಹೋಗಿದ್ದೆ. ಹೊಳೆಯುವ ಹೊಸ ಬಣ್ಣಕ್ಕೆ ಮನಸೋತು ಮುಂಗಡ ಕೊಡುವುದರಲ್ಲಿದ್ದೆ. ನನ್ನ ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಮಾತಾಡದೆ ಬೆರಳಗಂಟಿನಿಂದ ರೆಕ್ಕೆಯನ್ನು ಉದ್ದಕ್ಕೂ ತಟ್ಟುತ್ತ ಹೋದರು. ಟಣ್ ಎನ್ನಬೇಕಾದಲ್ಲಿ ದಪ್ ಎಂದಿತು. ಮತ್ತೆ ನಾಲ್ಕು ಕಡೆ ದಪ್. ಲಾಗ್‌ಬುಕ್ಕಿನಲ್ಲಿ ಆಲಿಕಲ್ಲಿನ ಹೆಸರೇ ಇರಲಿಲ್ಲ. ಅಂದಿನಿಂದ ನನ್ನ ನಿಲುವು ಬದಲಾಗಿಲ್ಲ: ಕಣ್ಣಿಗೆ ಕಾಣುವ ನೂರು ಗುಳಿಗಳ ವಿಮಾನವನ್ನು ನಾನು ನಂಬುತ್ತೇನೆ, ಮುಚ್ಚಿಟ್ಟ ಐದು ಗುಳಿಗಳದ್ದನ್ನು ನಂಬಲಾರೆ.

ಇನ್ನೊಂದು ಪಂಥ ಹೇರ್ ಡ್ರೈಯರಿನದು. ಗುಳಿಯನ್ನು ಕಾಯಿಸಿ, ಮೇಲೆ ಒಣ ಮಂಜುಗಡ್ಡೆ ಇಟ್ಟರೆ ತಗಡು ತಾನಾಗಿ ಎದ್ದು ಬರುತ್ತದಂತೆ. ಇದಕ್ಕೆ ಉತ್ತರ ನಮ್ಮೂರಿನ ಕಂಚುಗಾರರ ಬೀದಿಯಲ್ಲಿದೆ. ಚಿಕ್ಕಂದಿನಲ್ಲಿ ಅಜ್ಜಿ ನೆಗ್ಗಿದ ತಾಮ್ರದ ಹಂಡೆಯನ್ನು ಅಲ್ಲಿಗೆ ಕಳಿಸುತ್ತಿದ್ದರು. ಕಂಚುಗಾರರು ಹಂಡೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನೀರಿಗಿಳಿಸಿ, ಒಳಗೆ ಗುಂಡುತಲೆಯ ಕಬ್ಬಿಣ ಕೊಟ್ಟು ಹೊರಗಿನಿಂದ ಸುತ್ತಿಗೆಯಲ್ಲಿ ಸಣ್ಣಸಣ್ಣ ಪೆಟ್ಟು ಹಾಕುತ್ತಿದ್ದರು. ನಾನು ಕೂತು ನೋಡುತ್ತಿದ್ದೆ. “ನೆಗ್ಗಿದ ಜಾಗ ಹಿಗ್ಗಿರ್ತದೆ ಮಗ. ಸುಮ್ನೆ ಒತ್ತಿದ್ರೆ ಆ ಕಡೆ ಹೋಗಿ ಈ ಕಡೆ ಬರ್ತದೆ. ಹಿಗ್ಗಿದ್ದನ್ನ ಸುತ್ತಲಿಗೆ ಹಂಚಬೇಕು,” ಎಂದಿದ್ದರು ಒಮ್ಮೆ.

ವಿಮಾನದ ಕಾರ್ಯಾಗಾರಗಳಲ್ಲಿ ಇದನ್ನೇ ‘ಆಯಿಲ್ ಕ್ಯಾನಿಂಗ್’ ಅನ್ನುತ್ತಾರೆ: ಹಿಗ್ಗಿದ ತಗಡು ಡಬ್ಬಿಯ ತಳದಂತೆ ಟಕ್ಕೆಂದು ಒಳಹೊರಗೆ ಆಡುವುದು. ಹಿಗ್ಗಿದ ಲೋಹವನ್ನು ಹೇರ್ ಡ್ರೈಯರಿನ ಬಿಸಿ ಕುಗ್ಗಿಸಲಾರದು. ಹೆಚ್ಚು ಕಾಯಿಸೋಣ ಎಂದರೆ ಅಲ್ಲೇ ಹಂಡೆಗೂ ರೆಕ್ಕೆಗೂ ದಾರಿ ಬೇರೆಯಾಗುತ್ತದೆ. ತಾಮ್ರಕ್ಕೆ ಬೆಂಕಿ ಮೃದುತನ ಕೊಡುತ್ತದೆ, ಸುತ್ತಿಗೆ ಗಟ್ಟಿತನವನ್ನು ಮರಳಿಸುತ್ತದೆ. 2024-ಟಿ3ರ ಬಲ ಬಂದಿರುವುದು ಕಾರ್ಖಾನೆಯ ಕುಲುಮೆಯಲ್ಲಿ, ಅಳೆದ ಬಿಸಿಯಲ್ಲಿ. ಹ್ಯಾಂಗರಿನಲ್ಲಿ ಬೆಂಕಿಯ ಜ್ವಾಲೆ ಹಿಡಿದರೆ ಆ ಬಲ ಹೋಗುತ್ತದೆ, ಯಾವ ಸುತ್ತಿಗೆಯೂ ಅದನ್ನು ಮರಳಿ ತರಲಾರದು. ಒಳಗಿನಿಂದ ಸರಳು ತೂರಿಸಿ ತಣ್ಣಗೇ ಗುಳಿಯನ್ನು ಎತ್ತುವ ನುರಿತ ಕೈಗಳಿವೆ, ಅವರ ಬಗ್ಗೆ ನನಗೆ ಗೌರವವಿದೆ. ಅವರು ಮಾಡುವುದು ಕಂಚುಗಾರರ ಕೆಲಸವನ್ನೇ: ಹಿಗ್ಗಿದ್ದನ್ನು ಸುತ್ತಲಿಗೆ ಹಂಚುವುದು.

ತಗಡನ್ನೇ ಬದಲಿಸಿಬಿಡೋಣ ಎನ್ನುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ. 172ರ ರೆಕ್ಕೆ ಬುಡದಿಂದ ತುದಿಗೆ ಸುಮಾರು 3 ಡಿಗ್ರಿ ತಿರುಚಿಕೊಂಡಿದೆ, ಬುಡ ಮೊದಲು ಸ್ಟಾಲ್ ಆಗಿ ತುದಿಯಲ್ಲಿ ಏಲರಾನ್ ಹಿಡಿತದಲ್ಲಿ ಉಳಿಯಲೆಂದು. ಆ ತಿರುಚನ್ನು ಹಿಡಿದಿಟ್ಟಿರುವುದು ತಗಡು. ರಿವೆಟ್ ಕೊರೆದು ತಗಡು ತೆಗೆದ ಕ್ಷಣ ರೆಕ್ಕೆ ಬಲಹೀನ. ಜಿಗ್‌ನಲ್ಲಿ ಬಿಗಿಯದೆ ಹೊಸ ತಗಡು ಹೊಡೆದರೆ ತಪ್ಪಿದ ಆಕಾರವೇ ಕಾಯಂ. ಆಮೇಲೆ ರೆಕ್ಕೆಯ ಕೋನ ಹೊಂದಿಸುವ, ಹಿಂದಿನ ಸ್ಪಾರಿನ ಎಕ್ಸೆಂಟ್ರಿಕ್ ಬುಶಿಂಗನ್ನು ಎಷ್ಟು ತಿರುಗಿಸಿದರೂ ವಿಮಾನ ಒಂದು ಕಡೆಗೆ ವಾಲುವುದು ನಿಲ್ಲುವುದಿಲ್ಲ.

ನನ್ನ ಕರುಣೆಯೆಲ್ಲ ರೆಕ್ಕೆಗೆ ಮಾತ್ರ. ಏಲರಾನ್, ಎಲಿವೇಟರ್, ರಡ್ಡರ್‌ಗಳಿಗೆ ಬಂದರೆ ನಾನು ಕಟುವಾಗುತ್ತೇನೆ. ಅವು ಕೀಲಿನ ಮೇಲೆ ತೂಗುವ ತಕ್ಕಡಿಗಳು. ಕೀಲಿನ ಹಿಂದೆ ಮೆತ್ತಿದ ಚಮಚದಷ್ಟು ಪುಟ್ಟಿಯೂ ತೂಕ ತಪ್ಪಿಸುತ್ತದೆ. ತೂಕ ತಪ್ಪಿದ ಏಲರಾನ್ ಒಂದು ವೇಗದಲ್ಲಿ ಫ್ಲಟರ್ ಎಂಬ ಅದುರಾಟಕ್ಕೆ ಸಿಕ್ಕರೆ ಕೆಲವೇ ಸೆಕೆಂಡುಗಳಲ್ಲಿ ಕಿತ್ತುಹೋಗಬಹುದು. ಬರಿ ಬಣ್ಣ ಹೊಡೆದರೂ ಮ್ಯಾನುಯಲ್ ಹೇಳಿದಂತೆ ಮತ್ತೆ ತೂಗಿ ನೋಡಬೇಕು. ಹಳೆಯ ವಿ-ಬಾಲದ ಬೊನಾಂಜಾ ಇಟ್ಟುಕೊಂಡ ಗೆಳೆಯರ ಪಾಡು ಇನ್ನೂ ಕಷ್ಟ. ಅದರ ಬಾಲದ ಚಲಿಸುವ ಭಾಗಗಳ ಹೊದಿಕೆ ಮೆಗ್ನೀಸಿಯಂ ತಗಡಿನದು, ಬದಲಿ ಸಿಗುವುದು ದುರ್ಲಭ. ಮುಗಿಲು ಕಪ್ಪಾದರೆ ಅವರು ಊಟ ಬಿಟ್ಟು ಏರ್‌ಪೋರ್ಟಿಗೆ ಓಡುವುದನ್ನು ನೋಡಿದ್ದೇನೆ.

ಬುಧವಾರ ಬೆಳಿಗ್ಗೆ ನಮ್ಮ ಮೆಕ್ಯಾನಿಕ್ ಬಂದರು. ಎಪ್ಪತ್ತು ದಾಟಿದವರು. ನಾವು ಸುತ್ತು ಹಾಕಿದ್ದನ್ನೆಲ್ಲ ಒಪ್ಪಿಕೊಂಡು, ಹುಡುಗನನ್ನು ಕರೆದು, ಕಣ್ಣು ಮುಚ್ಚಿ ಎಡ ಏಲರಾನಿನ ಹಿಂಬದಿಯ ಅಂಚಿನ ಮೇಲೆ ಬೆರಳಾಡಿಸಲು ಹೇಳಿದರು. ಅವನು ನಿಧಾನವಾಗಿ ಸವರುತ್ತ ಹೋದ. ತುದಿಯಿಂದ ಒಂದು ಗೇಣು ಒಳಗೆ ಬೆರಳು ನಿಂತಿತು. “ಅಣ್ಣಾರ, ಇಲ್ಲಿ ಉಗುರಿಗೆ ಸಿಗಾಕತ್ತೇತ್ರಿ.” ರಿವೆಟ್ಟಿನ ತಲೆಯಿಂದ ಹೊರಟ ಕೂದಲೆಳೆಯ ಬಿರುಕು. ಟಾರ್ಚಿಗೆ ಅದು ಕಂಡಿರಲಿಲ್ಲ, ಪುಟ್ಟಿಯ ಕೆಳಗಿದ್ದರೆ ಬೆರಳಿಗೂ ಸಿಗುತ್ತಿರಲಿಲ್ಲ.

ತೀರ್ಮಾನ ಇಷ್ಟು: ರೆಕ್ಕೆ ಹೀಗೆಯೇ ಇರಲಿ, ಎಡ ಏಲರಾನ್ ಬದಲಾಗಲಿ. ಹುಡುಗ ದೊಡ್ಡ ಹಾಳೆಯಲ್ಲಿ ಎರಡೂ ರೆಕ್ಕೆಗಳ ನಕ್ಷೆ ಬರೆದು 135 ಗುಳಿಗಳನ್ನೂ ಗುರುತಿಸಿದ್ದಾನೆ, ಪ್ರತಿಯೊಂದರ ಅಗಲದ ಸಮೇತ. ಮೆಕ್ಯಾನಿಕ್ ಸಹಿ ಹಾಕಿ ಅದನ್ನು ಲಾಗ್‌ಬುಕ್ಕಿಗೆ ಸೇರಿಸಿದರು. ಮುಂದಿನ ವರ್ಷದ ತಪಾಸಣೆಯಲ್ಲಿ ಯಾವುದಾದರೂ ಗುಳಿ ಬದಲಾಗಿದ್ದರೆ ಗೊತ್ತಾಗುತ್ತದೆ. ಮುಂದೊಂದು ದಿನ ಈ ವಿಮಾನವನ್ನು ಕೊಳ್ಳುವವರು ಬೆರಳಗಂಟಿನಿಂದ ತಟ್ಟಬೇಕಾಗಿಲ್ಲ, ಹಾಳೆ ಬಿಡಿಸಿದರೆ ಸಾಕು.

ಹ್ಯಾಂಗರಿನ ಬಾಗಿಲು ನಿನ್ನೆ ಸರಿಯಾಯಿತು. ವಿಮೆಯ ಲೆಕ್ಕ ಮುಂದಿನ ವಾರ. ಅಷ್ಟರಲ್ಲಿ ಏಲರಾನ್ ಬಂದಿದ್ದರೆ, ಅದನ್ನು ತೂಗಿದ ಕಥೆಯೂ ಜೊತೆಗೆ.