ನೆರೆಯವರಿಲ್ಲದ ಮನೆ: ಡೆನ್ವರಿನ ಕ್ಲಿಫರ್ಡ್ ಸ್ಟಿಲ್ ಮ್ಯೂಸಿಯಂ

ಕಲಾವಿದನೊಬ್ಬನನ್ನು ಅವನ ಸಮಕಾಲೀನರಿಂದ ಬೇರ್ಪಡಿಸಿ ನೋಡಿದರೆ ಅವನು ನಮಗೆ ಹೆಚ್ಚು ಅರ್ಥವಾಗುತ್ತಾನೆಯೇ? ಡೆನ್ವರಿನ ಕ್ಲಿಫರ್ಡ್ ಸ್ಟಿಲ್ ಮ್ಯೂಸಿಯಂ ನೋಡಿ ಬಂದ ನಮಗೆ ಎದುರಾದ ಪ್ರಶ್ನೆ ಇದು.

ಸ್ಟಿಲ್ (1904–1980) ಅಮೆರಿಕದ ಅಮೂರ್ತ ಚಿತ್ರಕಲೆಯ ಮೊದಲ ಸಾಲಿನವರು. 1951ರಲ್ಲಿ ವ್ಯಾಪಾರಿ ಗ್ಯಾಲರಿಗಳ ಸಹವಾಸವೇ ಬೇಡವೆಂದು ದೂರ ಸರಿದರು. ಅವರ ಉಯಿಲಿನ ಷರತ್ತು ಸ್ಪಷ್ಟ: ತಮ್ಮ ಕೃತಿಗಳಿಗಷ್ಟೇ ಮೀಸಲಾದ ಮ್ಯೂಸಿಯಂ ಕಟ್ಟುವ ಅಮೆರಿಕದ ನಗರಕ್ಕೆ ಚಿತ್ರಗಳು ಸೇರಬೇಕು, ಅವನ್ನು ಮಾರಕೂಡದು, ಬದಲಾಯಿಸಿಕೊಳ್ಳಕೂಡದು. ಡೆನ್ವರ್ ಮುಂದೆ ಬಂದದ್ದು 2004ರಲ್ಲಿ, ಬಾಗಿಲು ತೆರೆದದ್ದು 2011ರಲ್ಲಿ. ಅಲ್ಲಿಯವರೆಗೆ ಈ ಚಿತ್ರಗಳು ಮೂರು ದಶಕ ಕತ್ತಲಲ್ಲಿದ್ದವು. ಈಗ ಇಲ್ಲಿ ಸುಮಾರು 3,100 ಕೃತಿಗಳಿವೆ, ಅಂದರೆ ಅವರು ಮಾಡಿದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು.

ಇದರ ಲಾಭ ದೊಡ್ಡದು. ನಮ್ಮ ಕೆಲಸದ ಮಾತಿನಲ್ಲಿ ಹೇಳುವುದಾದರೆ, ಮೊದಲ ವರ್ಷನ್‌ನಿಂದ ಕೊನೆಯದರವರೆಗೆ ಇಡೀ ಹಿಸ್ಟರಿ ಇಲ್ಲಿದೆ. 1930ರ ದಶಕದ ಚಿತ್ರಗಳಲ್ಲಿ ಬಡಕಲು ಮೈಯ, ಉದ್ದುದ್ದ ಕೈಗಳ ಹೊಲದ ಕೂಲಿಗಳಿದ್ದಾರೆ. ಮುಂದೆ ಮುಖ, ಕೈ ಎಲ್ಲ ಕರಗುತ್ತವೆ, ನೆಟ್ಟಗೆ ನಿಂತ ಗೆರೆಯೊಂದು ಉಳಿಯುತ್ತದೆ. ಬೇರೆ ಮ್ಯೂಸಿಯಂನಲ್ಲಿ ಅವರ ಒಂದೇ ಒಂದು ಚಿತ್ರ ನೋಡಿದವರಿಗೆ ಅದು ಬಣ್ಣ ಸುಲಿದ ಗೋಡೆಯಂತೆ ಕಂಡೀತು. ಇಲ್ಲಿ ಸಾಲಾಗಿ ನೋಡುತ್ತ ಬಂದ ನಮಗೆ ಆ ಗೆರೆಯಲ್ಲಿ ಬಯಲಲ್ಲಿ ನಿಂತ ಮನುಷ್ಯನೇ ಕಂಡ. ಕಾಂಕ್ರೀಟ್ ಚಾವಣಿಯ ತೂತುಗಳಿಂದ ಇಳಿಯುವ ಹಗಲ ಬೆಳಕೂ ದಪ್ಪ ಬಣ್ಣದ ಏರುತಗ್ಗುಗಳನ್ನು ಚೆನ್ನಾಗಿ ತೋರಿಸುತ್ತದೆ.

ಆದರೆ ಸ್ಯಾನ್‌ಫ್ರಾನ್ಸಿಸ್ಕೋದ ಕಲಾಶಾಲೆಯಲ್ಲಿ ಅವರ ಜೊತೆ ಪಾಠ ಮಾಡಿದ ಮಾರ್ಕ್ ರಾಥ್ಕೋ ಅವರ ಒಂದು ಚಿತ್ರವನ್ನೂ ಇಲ್ಲಿ ಪಕ್ಕದಲ್ಲಿಟ್ಟು ನೋಡುವಂತಿಲ್ಲ. ಲೇಖಕರೊಬ್ಬರ ಸಮಗ್ರ ಸಂಪುಟಗಳನ್ನಷ್ಟೇ ಓದಿದ ಹಾಗೆ: ಬೆಳವಣಿಗೆ ತಿಳಿಯುತ್ತದೆ, ಅವರು ಯಾರೊಡನೆ ವಾದಕ್ಕಿಳಿದಿದ್ದರು ಎಂಬುದು ತಿಳಿಯುವುದಿಲ್ಲ. ಇನ್ನು ‘ಮಾರಕೂಡದು’ ಎಂಬ ಮಾತು ಮುರಿಯಲಾರದ್ದೇನೂ ಆಗಿರಲಿಲ್ಲ. ನಿರ್ವಹಣೆಯ ನಿಧಿಗಾಗಿ, ಕೋರ್ಟಿನ ಒಪ್ಪಿಗೆಯೊಂದಿಗೆ, 2011ರಲ್ಲಿ ನಾಲ್ಕು ಚಿತ್ರಗಳನ್ನು ಸುಮಾರು 11.4 ಕೋಟಿ ಡಾಲರಿಗೆ ಹರಾಜು ಹಾಕಲಾಯಿತು. ಹಣಕ್ಕಾಗಿ ಸಡಿಲವಾದ ಪಟ್ಟು ನೋಡುಗನ ತಿಳಿವಳಿಕೆಗಾಗಿ ಏಕೆ ಸಡಿಲವಾಗಬಾರದು?

ಹಾಗೆಂದು ಹೋಗದಿರಬೇಡಿ. ಡೆನ್ವರ್ ಆರ್ಟ್ ಮ್ಯೂಸಿಯಂ ಪಕ್ಕದಲ್ಲೇ ಇದೆ. ಮೊದಲು ಸ್ಟಿಲ್ ಅವರನ್ನು ನೋಡಿ, ಆಮೇಲೆ ಅಲ್ಲಿಗೆ ನಡೆಯಿರಿ. ಉಯಿಲು ತಡೆದ ಹೋಲಿಕೆಯನ್ನು ನಾವೇ ಮಾಡಿಕೊಳ್ಳಬಹುದು.